ಬಿಳಿ ನೀರಿನ ಊರಿನಲ್ಲಿ ಒಂದಿರುಳು

ಜಪಾನಿನ ನಗಾನೊ ಪ್ರಾಂತದಲ್ಲಿ, ನೊರಿಕುರ ಪರ್ವತದ ಮಗ್ಗುಲಿಗೆ, ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದ ಇಕ್ಕಟ್ಟಾದ ಕಣಿವೆಯೊಂದರಲ್ಲಿ ಶಿರಹೊನೆ ಎಂಬ ಪುಟ್ಟ ಊರಿದೆ. ಬಿಸಿನೀರಿನ ಬುಗ್ಗೆಗಳೇ ಆ ಊರಿನ ಜೀವಾಳ. ಬುಗ್ಗೆಯಿಂದ ಹೊರಬೀಳುವಾಗ ತಿಳಿಯಾಗಿರುವ ನೀರು ಗಾಳಿ ಸೋಕಿದ ಮೇಲೆ ಮೆಲ್ಲಮೆಲ್ಲನೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದರಲ್ಲಿರುವ ಸುಣ್ಣದ ಅಂಶ ತೊಟ್ಟಿಗಳ ಅಂಚಿನಲ್ಲಿ ಹೆಪ್ಪುಗಟ್ಟುತ್ತದೆ.

ಇಂತಹ ಊರಿನ ತಂಗುಮನೆಗೆ ‘ರ್‍ಯೊಕಾನ್’ ಎಂದು ಹೆಸರು. ಸಂಜೆ ಬಂದ ಅತಿಥಿ ಬಾಗಿಲಲ್ಲೇ ಪಾದರಕ್ಷೆಗಳನ್ನು ಕಳಚುತ್ತಾನೆ. ಚಾಪೆ ಹಾಸಿದ ಕೋಣೆಯಲ್ಲಿ ಒಂದು ತಗ್ಗಾದ ಮೇಜು, ಚಹಾದ ಪರಿಕರಗಳು, ಮಡಿಸಿಟ್ಟ ಹತ್ತಿಯ ನಿಲುವಂಗಿ; ಇಷ್ಟೇ. ಆ ನಿಲುವಂಗಿಯ ಎಡಮಗ್ಗುಲು ಮೇಲೆ ಬರುವಂತೆ ಸುತ್ತಿಕೊಳ್ಳಬೇಕು. ಬಲಮಗ್ಗುಲು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ಕ್ರಮ. ಸ್ನಾನದ ನಿಯಮಗಳೂ ಅಷ್ಟೇ ಖಚಿತ. ತೊಟ್ಟಿಯ ಹೊರಗೆ ಗಿಡ್ಡ ಮಣೆಯ ಮೇಲೆ ಕುಳಿತು ಮೈಯನ್ನು ಪೂರ್ಣವಾಗಿ ತೊಳೆದುಕೊಂಡ ಮೇಲೆಯೇ ನೀರಿಗಿಳಿಯಬೇಕು. ಕೈವಸ್ತ್ರವನ್ನು ನೀರಿಗೆ ತಾಗಿಸಬಾರದು. ಅಪರಿಚಿತರೆಲ್ಲ ಒಂದೇ ನೀರಿನಲ್ಲಿ ಕುಳಿತುಕೊಳ್ಳುವುದರಿಂದ, ಒಬ್ಬನ ಕೊಳೆ ಇನ್ನೊಬ್ಬನಿಗೆ ತಟ್ಟಬಾರದೆಂಬ ಎಚ್ಚರ ಇದರ ಹಿಂದಿದೆ. ಅಲ್ಲಿ ಕಾವಲುಗಾರನಿಲ್ಲ.

ಅತಿಥಿ ತನ್ನ ಪಾಲಿನ ನಂಬಿಕೆಯನ್ನು ಹೀಗೆ ಉಳಿಸಿಕೊಳ್ಳುತ್ತಾನೆ. ಮನೆಯ ಒಡೆಯನ ಪಾಲು ಏನಾಯಿತು? 2004ರ ಜುಲೈನಲ್ಲಿ ಶಿರಹೊನೆಯ ಹೆಸರು ಜಪಾನಿನಾದ್ಯಂತ ಕೇಳಿಬಂತು. ಅಲ್ಲಿನ ಸಾರ್ವಜನಿಕ ಬಯಲು ಸ್ನಾನದ ತೊಟ್ಟಿಗೂ ಕೆಲವು ತಂಗುಮನೆಗಳ ತೊಟ್ಟಿಗಳಿಗೂ ಬಿಳುಪಿಗಾಗಿ ಸ್ನಾನದ ಪುಡಿಯನ್ನು ಬೆರೆಸಲಾಗುತ್ತಿತ್ತೆಂದು ವಾರಪತ್ರಿಕೆಯೊಂದು ಬಯಲಿಗೆಳೆದಿತ್ತು. ಬುಗ್ಗೆಯ ನೀರು ಮೊದಲಿನಂತೆ ಬೆಳ್ಳಗಾಗುತ್ತಿರಲಿಲ್ಲ; ಬಂದವರಾದರೋ ಚಿತ್ರಗಳಲ್ಲಿ ಕಂಡ ಹಾಲ್ಬಿಳುಪನ್ನೇ ಬಯಸುತ್ತಿದ್ದರು. ಪುಡಿಯಿಂದ ಯಾರ ಆರೋಗ್ಯವೂ ಕೆಡಲಿಲ್ಲವಲ್ಲ ಎಂದು ಸಮರ್ಥಿಸಬಹುದು. ಆದರೆ ಅತಿಥಿ ಹಣ ತೆತ್ತದ್ದು ಬುಗ್ಗೆಯ ನೀರಿಗೆ, ಪುಡಿಯ ಬಣ್ಣಕ್ಕಲ್ಲ. ಗಿರಾಕಿಯ ಕಣ್ಣು ಬೇಡಿದ್ದನ್ನು ಕೊಟ್ಟೆನೆಂಬುದು ಕಲಬೆರಕೆಯ ಅತಿ ಹಳೆಯ ಸಮಜಾಯಿಷಿ. ಅಂಗಡಿಯಲ್ಲಿ ಕುಳಿತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಡಿಯನ್ನು ಮುಟ್ಟದ ಮನೆಗಳೂ ಊರಿನ ಅಪಕೀರ್ತಿಯಲ್ಲಿ ಪಾಲು ಹೊರಬೇಕಾಯಿತು. ಅದೇ ವರ್ಷ ಬೇರೆ ಕೆಲವು ಸ್ನಾನದೂರುಗಳಲ್ಲಿ ಸಾಮಾನ್ಯ ನೀರನ್ನೇ ಕಾಯಿಸಿ ಬುಗ್ಗೆಯ ನೀರೆಂದು ಹೇಳುತ್ತಿದ್ದುದೂ ಹೊರಬಿತ್ತು.

ಕಾನೂನು ಇರಲಿಲ್ಲವೆಂದಲ್ಲ. 1948ರ ಬಿಸಿನೀರಬುಗ್ಗೆಗಳ ಕಾನೂನಿನ ಪ್ರಕಾರ, ಬುಗ್ಗೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿದ್ದರೆ ಅಥವಾ ಗೊತ್ತುಪಡಿಸಿದ 19 ದ್ರವ್ಯಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಅದು ‘ಒನ್ಸೆನ್’. ನೀರಿನ ಘಟಕಗಳನ್ನು ಬರೆದು ತೂಗುಹಾಕಬೇಕೆಂಬ ವಿಧಿಯೂ ಇತ್ತು. ಆ ನೀರು ತೊಟ್ಟಿ ಸೇರುವುದರೊಳಗೆ ಏನೇನಾಯಿತು ಎಂಬುದನ್ನು ಮಾತ್ರ ಹೇಳಬೇಕಾಗಿರಲಿಲ್ಲ. 2005ರಲ್ಲಿ ನಿಯಮ ಬದಲಾಯಿತು. ಬೇರೆ ನೀರು ಸೇರಿಸಿದ್ದರೆ, ಕಾಯಿಸಿದ್ದರೆ, ಸೋಸಿ ಮತ್ತೆ ಹರಿಸುತ್ತಿದ್ದರೆ, ಪುಡಿ ಅಥವಾ ಕ್ರಿಮಿನಾಶಕ ಬೆರೆಸಿದ್ದರೆ, ಕಾರಣಸಹಿತವಾಗಿ ಅದನ್ನು ಪ್ರಕಟಿಸಬೇಕು. ನೀರು ಸೇರಿಸುವುದನ್ನು ಕಾನೂನು ನಿಷೇಧಿಸಲಿಲ್ಲ, ಮುಚ್ಚಿಡುವುದನ್ನು ನಿಷೇಧಿಸಿತು. ಈ ವಿವೇಕ ಮೆಚ್ಚತಕ್ಕದ್ದು; ಬುಗ್ಗೆಯ ನೀರು ಕುದಿಯುವಷ್ಟು ಬಿಸಿಯಿದ್ದರೆ ತಣ್ಣೀರು ಬೆರೆಸದೆ ಗತಿಯೇನು?

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಇದೇ ಪ್ರಶ್ನೆಯನ್ನು ಮುಂಗಡವಾಗಿ ಕೇಳಿಕೊಳ್ಳುವುದು ಒಳಿತು. ತಟ್ಟೆಯಲ್ಲಿ ಕಾಡುಸೊಪ್ಪು, ಅಣಬೆ, ಸೋಯಾ ಗಿಣ್ಣು ಮಾತ್ರ ಕಂಡರೂ, ಅವುಗಳನ್ನು ಬೇಯಿಸಿದ ತಿಳಿಸಾರು ಬಹುತೇಕ ಒಣಮೀನಿನ ಹೆರಕಲಿನಿಂದ ತೆಗೆದದ್ದಾಗಿರುತ್ತದೆ. ಕಣ್ಣಿಗೆ ಕಾಣದ ಅದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಊಟವಾದ ಮೇಲೆ ಪರಿಚಾರಕಿ ನೆಲದ ಮೇಲೆ ಹಾಸಿಗೆ ಹಾಸಿ ಹೋಗುತ್ತಾಳೆ. ಕೆಳಗೆ ತೊರೆಯ ಸದ್ದು ಮಾತ್ರ ಉಳಿಯುತ್ತದೆ. ನಸುಕಿನಲ್ಲಿ ಮತ್ತೆ ಸ್ನಾನಕ್ಕೆ ಹೋದವನಿಗೆ ಬಟ್ಟೆ ಕಳಚುವ ಕೋಣೆಯ ಗೋಡೆಯ ಮೇಲೆ ಆ ಪ್ರಕಟಣೆ ಕಾಣಿಸುತ್ತದೆ. ಬೆಳಗಿನ ಉಪಾಹಾರಕ್ಕೆ, ಬುಗ್ಗೆಯ ನೀರಿನಲ್ಲೇ ಬೇಯಿಸಿದ ಅಕ್ಕಿಯ ಗಂಜಿ ಆ ಊರಿನ ವಿಶೇಷ. ಅದು ಬಟ್ಟಲಿನಲ್ಲಿ ಹಬೆಯಾಡುತ್ತ ಬರುತ್ತದೆ.