ಹೆಬ್ಬೆರಳಿನ ವಿದ್ಯೆ

ಬೇಟೆಯ ವಿಷಯದಲ್ಲಿ ಪ್ರಾಚೀನರ ಅಭಿಪ್ರಾಯವು ಒಂದೇ ಆಗಿರಲಿಲ್ಲ. ಮನುಸ್ಮೃತಿಯ ಏಳನೆಯ ಅಧ್ಯಾಯವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನು ಮೊದಲನೆಯದಾಗಿ ಹೇಳುತ್ತದೆ. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನ ಸೇನಾಪತಿಯಾದರೋ, ಅದನ್ನು ವ್ಯಸನವೆನ್ನುವವರ ಮಾತೇ ಸುಳ್ಳೆಂದು ವಾದಿಸುತ್ತಾನೆ. ಬೇಟೆಯಿಂದ ಮೈಯ ಕೊಬ್ಬು ಕರಗುವುದು, ಓಡುವ ಗುರಿಯನ್ನು ಹೊಡೆಯುವ ಕೈವಶ ಬರುವುದು ಎಂಬುದು ಅವನ ಪಕ್ಷ. ಈ ಎರಡು ಪಕ್ಷಗಳೂ ಅರಸನ ಬೇಟೆಯನ್ನು ಕುರಿತವು. ಒಂದು ಮೊಲಕ್ಕಾಗಿಯೋ ಒಂದು ಲಾವುಗೆಗಾಗಿಯೋ ಪೊದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿರುವ ಕಾಡಿನ ಮನುಷ್ಯನನ್ನು ಇಬ್ಬರೂ ಕೇಳಲಿಲ್ಲ. ಅವನಿಗೆ ಬೇಟೆಯು ವ್ಯಸನವೂ ಅಲ್ಲ, ವ್ಯಾಯಾಮವೂ ಅಲ್ಲ. ಅದು ತಂದೆಯಿಂದ ಮಗನಿಗೆ ಇಳಿದು ಬಂದ ವಿದ್ಯೆ. ಅಂದಿನ ಊಟವು ಅದರ ಫಲ.

ಇಂಥ ವಿದ್ಯಾವಂತನೊಬ್ಬನ ವೃತ್ತಾಂತವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕಾ ದೇಶದ ಪಶ್ಚಿಮ ತೀರದಲ್ಲಿ ನಡೆಯಿತು. ಕ್ಯಾಲಿಫೋರ್ನಿಯಾ ಪ್ರಾಂತದ ಉತ್ತರಭಾಗದಲ್ಲಿ ಲಾಸೆನ್ ಎಂಬ ಜ್ವಾಲಾಮುಖಿ ಪರ್ವತವುಂಟು. ಅದರ ಪಡುವಣ ತಪ್ಪಲಿನ ಕಣಿವೆಗಳಲ್ಲಿ ಯಾಹಿ ಎಂಬ ಸಣ್ಣ ಜನಾಂಗವು ಬಿಲ್ಲುಬಾಣಗಳಿಂದ ಬೇಟೆಯಾಡಿ, ಹೊಳೆಯ ಮೀನು ಹಿಡಿದು, ಕಾಡಿನ ಓಕ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟುಮಾಡಿ ಬಾಳುತ್ತಿತ್ತು. 1848ರಲ್ಲಿ ಆ ಪ್ರಾಂತದಲ್ಲಿ ಚಿನ್ನ ದೊರೆಯಿತು. ಚಿನ್ನವನ್ನರಸಿ ಬಂದ ಬಿಳಿಯರ ಬಂದೂಕುಗಳ ಮುಂದೆ ಯಾಹಿಗಳು ನಿಲ್ಲಲಾಗಲಿಲ್ಲ. 1860ರ ದಶಕದ ಕೊಲೆಗಳು ಮುಗಿಯುವ ವೇಳೆಗೆ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಅವರು ಹೆಜ್ಜೆಯ ಗುರುತು ಬೀಳದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ, ಹೊಗೆ ಮೇಲೇಳದಂತೆ ಸಣ್ಣ ಬೆಂಕಿ ಹಾಕುತ್ತ, ಸುಮಾರು ನಲವತ್ತು ವರ್ಷ ಅಡಗಿ ಬಾಳಿದರು. ಬಂದೂಕಿನ ಶಬ್ದವು ಅವರನ್ನು ತೋರಿಸಿಕೊಡುತ್ತಿತ್ತು, ಬಿಲ್ಲಾದರೋ ಮಾತನಾಡದು. ಆದಕಾರಣ ಅವರ ಪಾಲಿಗೆ ಬಿಲ್ಲು ಕೇವಲ ಆಯುಧವಾಗಿರಲಿಲ್ಲ; ಅಡಗಿರುವವನಿಗೆ ಅದೇ ಅನ್ನವಾಗಿತ್ತು.

ಕೊನೆಗೆ ಒಬ್ಬನೇ ಉಳಿದನು. 1911ನೆಯ ಆಗಸ್ಟ್ 29ರಂದು ಓರೊವಿಲ್ ಎಂಬ ಊರಿನ ಬಳಿ ಒಂದು ಕಸಾಯಿಖಾನೆಯ ಅಂಗಳದಲ್ಲಿ, ಹಸಿದು ಬಳಲಿದ ಈ ಮನುಷ್ಯನು ಸಿಕ್ಕಿದನು. ಅವನ ಮಾತು ಯಾರಿಗೂ ತಿಳಿಯಲಿಲ್ಲ. ಅಧಿಕಾರಿಗಳು ಅವನನ್ನು ಸೆರೆಮನೆಯಲ್ಲಿರಿಸಿದರು. ವಾಟರ್‌ಮನ್ ಎಂಬ ಪಂಡಿತನು ವಿಶ್ವವಿದ್ಯಾನಿಲಯದಿಂದ ಬಂದು, ಯಾಹಿಗಳ ನೆರೆಯ ಬಂಧುಗಳಾದ ಯಾನಾ ಜನರ ಶಬ್ದಪಟ್ಟಿಯೊಂದನ್ನು ಓದತೊಡಗಿದನು. ಪದದ ಮೇಲೆ ಪದ ಹೋಯಿತು, ಅರ್ಥವಾದ ಲಕ್ಷಣವಿಲ್ಲ. ‘ಸಿವಿನಿ’ ಎಂದು ಓದಿ, ಪಂಡಿತನು ಮಂಚದ ಮರವನ್ನು ತಟ್ಟಿದಾಗ ಸೆರೆಯಾಳಿನ ಮುಖವು ಅರಳಿತು. ಆ ಪದಕ್ಕೆ ದೇವದಾರುಜಾತಿಯ ಒಂದು ಮರವೆಂದರ್ಥ. ಒಂದು ಮರದ ಹೆಸರಿನಿಂದ ಮನುಷ್ಯನಿಗೂ ಮನುಷ್ಯನಿಗೂ ಮಾತು ಕೂಡಿತು.

ಅವನನ್ನು ಸಾನ್‌ಫ್ರಾನ್ಸಿಸ್ಕೊ ನಗರದ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಮುಖ್ಯನಾದ ಕ್ರೋಬರ್ ಎಂಬ ವಿದ್ವಾಂಸನು ಅವನನ್ನು ‘ಇಶಿ’ ಎಂದು ಕರೆದನು. ಯಾನಾ ಭಾಷೆಯಲ್ಲಿ ಆ ಮಾತಿಗೆ ಮನುಷ್ಯನೆಂದೇ ಅರ್ಥ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳಲಾಗದೆಂಬುದು ಅವನ ಕುಲದ ಸಂಪ್ರದಾಯ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಗೃಹಿಣಿಯರನ್ನು ಕಂಡ ನಾಡಿನವರಿಗೆ ಇದು ವಿಚಿತ್ರವಾಗಿ ತೋರಲಾರದು. ಹೇಳಬೇಕಾಗಿದ್ದ ಬಂಧುಗಳು ಬದುಕಿರಲಿಲ್ಲವಾಗಿ, ಅವನ ನಿಜವಾದ ಹೆಸರು ಅವನೊಡನೆಯೇ ಹೋಯಿತು.

ವಸ್ತುಸಂಗ್ರಹಾಲಯದ ಪಕ್ಕದಲ್ಲಿಯೇ ಆಸ್ಪತ್ರೆ. ಅಲ್ಲಿಯ ಶಸ್ತ್ರವೈದ್ಯನಾದ ಸ್ಯಾಕ್ಸ್‌ಟನ್ ಪೋಪ್ ಎಂಬವನು ಇಶಿಯ ಕೈಯ ಬಿಲ್ಲನ್ನು ಕಂಡು ಮರುಳಾದನು. ಬಿಡುವಾದಾಗಲೆಲ್ಲ ಅವನ ಬಳಿ ಕುಳಿತು ಬಿಲ್ಲು ಕೆತ್ತುವುದನ್ನೂ ಬಾಣ ಹೂಡುವುದನ್ನೂ ಕಲಿತನು. ನಗರದ ವೈದ್ಯನು ಶಿಷ್ಯ, ಕಾಡಿನ ಬೇಟೆಗಾರನು ಗುರು. ಇಂಥ ಗುರುಕುಲವು ಲೋಕದಲ್ಲಿ ವಿರಳವೆಂದೇ ಹೇಳಬೇಕು.

ಆ ಪಾಠದ ಕ್ರಮವನ್ನು ನೋಡಿದರೆ ವಿದ್ಯೆಯ ಆಳವು ತಿಳಿಯುತ್ತದೆ. ಬಿಲ್ಲಿನ ಅಳತೆಗೆ ಕೋಲು ಬೇಕಿಲ್ಲ. ಅಡ್ಡಲಾಗಿ ಚಾಚಿದ ಕೈಯಿಂದ ಎದುರು ಪಕ್ಕದ ಸೊಂಟದವರೆಗಿನ ಉದ್ದವೇ ಬಿಲ್ಲಿನ ಉದ್ದ. ಅಗಲವು ಮೂರು ಬೆರಳೋ ನಾಲ್ಕು ಬೆರಳೋ, ಬೇಕಾದ ಬಲಕ್ಕೆ ತಕ್ಕಂತೆ. ಗೇಣು ಮೊಳಗಳಿಂದ ಅಳೆದು ಬಂದ ಹಿರಿಯರಿಗೆ ಈ ಲೆಕ್ಕವು ಹೊಸದಲ್ಲ. ಬೆಟ್ಟದ ಜುನಿಪರ್ ಮರವನ್ನು ಕೆತ್ತಿ, ಅದರ ಬೆನ್ನಿಗೆ ಜಿಂಕೆಯ ಸ್ನಾಯುವಿನ ಎಳೆಗಳನ್ನು ಅಗಿದು ಮೃದುಮಾಡಿ, ಮೀನಿನ ತೊಗಲನ್ನು ಕುದಿಸಿದ ಅಂಟಿನಿಂದ ಅಂಟಿಸುವನು. ದೊಡ್ಡ ಮೃಗಗಳಿಗೆ ಜ್ವಾಲಾಮುಖಿಯ ಕಪ್ಪು ಗಾಜುಕಲ್ಲಿನಿಂದ ಮಾಡಿದ ಮೊನೆ; ಮೊಲ ಅಳಿಲುಗಳಿಗೆ ಮೊಂಡುತುದಿಯ ಬಾಣವೇ ಸಾಕು. ಬೇಕಾದುದಕ್ಕಿಂತ ಹೆಚ್ಚಿನ ಹಿಂಸೆ ಆ ಶಾಸ್ತ್ರದಲ್ಲಿರಲಿಲ್ಲ.

ಬಿಲ್ಲಿನ ವಿಷಯದಲ್ಲಿ ಅವನಿಗೆ ಆಚಾರವೂ ಉಂಟು. ಕೆಲಸವಿಲ್ಲದಾಗ ಹೆದೆಯನ್ನು ಇಳಿಸಬೇಕು. ಏರಿಸಿಯೇ ಬಿಟ್ಟರೆ ಬಿಲ್ಲು ದಣಿದು ಬೆವರುವುದು. ಅದನ್ನು ನಿಲ್ಲಿಸಬಾರದು, ಮಲಗಿಸಬೇಕು. ಮಗುವೊಂದು ಅದನ್ನು ದಾಟಿದರೆ ಅದರ ಬಾಣ ನೆಟ್ಟಗೆ ಹೋಗದು. ಆಯುಧಪೂಜೆಯ ದಿನ ಕುಡುಗೋಲಿಗೂ ತಕ್ಕಡಿಗೂ ಕುಂಕುಮವಿಡುವ ಮನೆಗಳಲ್ಲಿ, ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ, ಈ ಭಾವವನ್ನು ಯಾರೂ ಮೂಢನಂಬಿಕೆಯೆಂದು ನಗಲಾರರು. ಬೇಟೆಯ ಹಿಂದಿನ ದಿನ ಅವನು ಮೀನು ತಿನ್ನನು, ಹೊಗೆಸೊಪ್ಪು ಮುಟ್ಟನು. ಬೆಳಗ್ಗೆ ಹೊಳೆಯಲ್ಲಿ ಮಿಂದು, ಪರಿಮಳದ ಎಲೆಗಳನ್ನು ಮೈಗೆ ತಿಕ್ಕಿಕೊಂಡು ಹೊರಡುವನು. ಮೃಗದ ಮೂಗಿಗೆ ಮನುಷ್ಯನ ವಾಸನೆ ಹೋಗಬಾರದೆಂಬ ಯುಕ್ತಿಯೂ ಅದರಲ್ಲಿತ್ತು. ವ್ರತದ ಶುಚಿಯೂ ಇತ್ತು. ಇವೆರಡನ್ನು ಬೇರ್ಪಡಿಸುವುದು ನಗರದವರ ಅಭ್ಯಾಸ.

ಸಣ್ಣ ಬೇಟೆಯಲ್ಲಿ ಅವನ ಮುಖ್ಯ ಸಾಧನವು ಬಾಣವಲ್ಲ, ತುಟಿ. ಪೊದೆಯ ಹಿಂದೆ ಕುಕ್ಕರಿಸಿ ಕುಳಿತು, ಎರಡು ಬೆರಳುಗಳನ್ನು ತುಟಿಗೊತ್ತಿ ಮುತ್ತಿಡುವಂತೆ ಒಂದು ಕೀರಲು ದನಿಯನ್ನು ತೆಗೆಯುವನು. ಕಷ್ಟಕ್ಕೆ ಸಿಕ್ಕಿದ ಎಳೆಯ ಮೊಲದ ಅಳುವಿನಂತೆ ಅದು ಕೇಳಿಸುವುದು. ಅದನ್ನು ಕೇಳಿ ಉದ್ದಕಿವಿಯ ಮೊಲವು ತಾನಾಗಿಯೇ ಹತ್ತಿರಕ್ಕೆ ಬರುವುದು. ಪೋಪನು ಬೇರೆ ಬೇರೆ ಸ್ಥಳಗಳಲ್ಲಿ 12 ಸಲ ಇದನ್ನು ಪರೀಕ್ಷಿಸಿದಾಗ, 5 ಮೊಲಗಳೂ ಒಂದು ಕಾಡುಬೆಕ್ಕೂ ಬಂದವು. ಮೊಲವು ಕರುಣೆಯಿಂದಲೋ ಕುತೂಹಲದಿಂದಲೋ ಬಂದಿತು. ಬೆಕ್ಕು ಹಸಿವಿನಿಂದ ಬಂದಿತೆಂಬುದರಲ್ಲಿ ಸಂಶಯವಿಲ್ಲ. ಮೃಗಗಳ ಮನಸ್ಸನ್ನು ಇಷ್ಟು ಬಲ್ಲವನಿಗೆ ದೂರದ ಗುರಿಯ ಅಗತ್ಯವೇನು? ಹತ್ತು ಗಜಕ್ಕೂ ಐವತ್ತು ಗಜಕ್ಕೂ ನಡುವೆಯೇ ಅವನ ಬೇಟೆ. ಬಾಣವನ್ನು ಅಷ್ಟು ದೂರ ಕಳುಹಿಸುವುದಕ್ಕಿಂತ ತಾನೇ ಅಷ್ಟು ಹತ್ತಿರ ಹೋಗುವುದು ಅವನ ಧನುರ್ವೇದದ ಸೂತ್ರ.

ಇಲ್ಲಿ ಒಂದು ಸ್ವಾರಸ್ಯವುಂಟು. ನಗರದ ಬಿಲ್ಲುಗಾರರ ಮೈದಾನದಲ್ಲಿ ನಾಲ್ಕು ಅಡಿ ಅಗಲದ ಗುರಿಹಲಗೆಯನ್ನು ನಿಲ್ಲಿಸಿದರೆ, 40 ಗಜ ದೂರದಲ್ಲಿ ಇಶಿಯು ಅದನ್ನು ತಪ್ಪುವುದೂ ಉಂಟು. ಅದೇ ದೂರದಲ್ಲಿ ಬಿಲದಿಂದ ತಲೆಯೆತ್ತಿದ ಅಳಿಲನ್ನು ಹೊಡೆಯುವನು! ಕಾರಣ ಕೇಳಿದರೆ, ಹಲಗೆಯು ತೀರ ದೊಡ್ಡದಾಯಿತೆಂದೂ ಅದರ ಬಣ್ಣದ ವರ್ತುಲಗಳು ಚಿತ್ತವನ್ನು ಚದರಿಸುವುವೆಂದೂ ಹೇಳಿದನು. ದ್ರೋಣನು ಮರದ ಮೇಲೆ ಕೃತಕ ಪಕ್ಷಿಯನ್ನಿಟ್ಟು ಶಿಷ್ಯರನ್ನು ಪರೀಕ್ಷಿಸಿದ ಕಥೆ ವಾಚಕರಿಗೆ ತಿಳಿದದ್ದೇ. ಯುಧಿಷ್ಠಿರನಿಗೆ ಮರವೂ ಕಂಡಿತು, ತಮ್ಮಂದಿರೂ ಕಂಡರು. ಅರ್ಜುನನಿಗೆ ಪಕ್ಷಿಯ ತಲೆಯೊಂದೇ ಕಂಡಿತು. ವ್ಯಾಸರ ಹೆಸರನ್ನೇ ಕೇಳದ ಕಾಡಿನವನೊಬ್ಬನು ಆ ಅಧ್ಯಾಯಕ್ಕೆ ಇಷ್ಟು ಸರಳವಾದ ವ್ಯಾಖ್ಯಾನವನ್ನು ಬರೆದಂತಾಯಿತು.

ಅವನು ಹೆದೆಯನ್ನು ಸೆಳೆಯುತ್ತಿದ್ದ ರೀತಿಯೂ ಗಮನಾರ್ಹವಾದುದು. ಐರೋಪ್ಯ ಬಿಲ್ಲುಗಾರರು ಬೆರಳುಗಳ ತುದಿಯಿಂದ ಹೆದೆಯನ್ನು ಎಳೆಯುವರು. ಇಶಿಯು ಬಲಗೈಯ ಹೆಬ್ಬೆರಳನ್ನು ಹೆದೆಯ ಮೇಲೆ ಮಡಿಸಿ, ನಡುಬೆರಳಿನ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೊತ್ತಿ ಸೆಳೆಯುವನು. ಅವನ ವಿದ್ಯೆಯ ಬಲವೆಲ್ಲ ಆ ಹೆಬ್ಬೆರಳಿನಲ್ಲಿತ್ತು.

ಹೆಬ್ಬೆರಳೆಂದೊಡನೆ ನಿಷಾದಪುತ್ರನಾದ ಏಕಲವ್ಯನು ನೆನಪಾಗದಿರನು. ಬೇಡನೆಂದು ದ್ರೋಣನಿಂದ ತಿರಸ್ಕೃತನಾಗಿ, ಮಣ್ಣಿನ ಗುರುವನ್ನು ಮಾಡಿಕೊಂಡು ಕಲಿತವನು. ಕಲಿತ ತಪ್ಪಿಗಾಗಿ ಬಲಗೈಯ ಹೆಬ್ಬೆರಳನ್ನೇ ದಕ್ಷಿಣೆಯಾಗಿ ಕೊಟ್ಟವನು. ಇಲ್ಲಿ ಪಾತ್ರಗಳು ಅದಲುಬದಲಾದುವು. ಗುರುವು ನಿಷಾದ, ಶಿಷ್ಯನು ಅವನ ಕುಲವನ್ನೇ ಅಳಿಸಿದ ಜನರಲ್ಲಿ ಹುಟ್ಟಿದವನು. ಇಶಿಗೆ ಇದು ತಿಳಿಯದ ವಿಷಯವೇನೂ ಆಗಿರಲಿಲ್ಲ. ಆದರೂ ಅವನು ‘ನೀನು ಯಾರ ಮಗ’ ಎಂದು ಕೇಳಲಿಲ್ಲ, ದಕ್ಷಿಣೆಯನ್ನೂ ಕೇಳಲಿಲ್ಲ. 1914ರ ಮೇ ತಿಂಗಳಲ್ಲಿ ಪೋಪನನ್ನೂ ಅವನ ಎಳೆಯ ಮಗನನ್ನೂ ಪಂಡಿತರಿಬ್ಬರನ್ನೂ ತನ್ನ ಕಣಿವೆಗೇ ಕರೆದುಕೊಂಡು ಹೋಗಿ, ತಾನು ಅಡಗಿದ್ದ ಎಡೆಗಳನ್ನೂ ಬೇಟೆಯಾಡಿದ ಎಡೆಗಳನ್ನೂ ತೋರಿಸಿದನು. ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದಂತೆ ಕಾದುಕೊಂಡ ಗುಟ್ಟನ್ನು ತಾನಾಗಿಯೇ ಬಿಟ್ಟುಕೊಟ್ಟನು. ಕೊಡದಿದ್ದರೆ ಅದು ತನ್ನೊಡನೆ ಸಾಯುವುದೆಂಬುದನ್ನು ಅವನು ಬಲ್ಲವನಾಗಿದ್ದನೆಂದು ತೋರುತ್ತದೆ.

1916ನೆಯ ಮಾರ್ಚ್ 25ರಂದು ಇಶಿಯು ಕ್ಷಯರೋಗದಿಂದ ತೀರಿಕೊಂಡನು. ಪೋಪನೇ ಅವನಿಗೆ ಶುಶ್ರೂಷೆ ಮಾಡಿದ್ದನು. ದೇಹವನ್ನು ದಹಿಸುವಾಗ ಒಂದು ಬಿಲ್ಲನ್ನೂ ಐದು ಬಾಣಗಳನ್ನೂ ಕಾಡಿನ ಕಾಯಿಹಿಟ್ಟನ್ನೂ ಜೊತೆಗಿಟ್ಟರು. ಆದರೆ ಅದಕ್ಕೆ ಮೊದಲೇ ಬೇರೊಂದು ಕಾರ್ಯವು ನಡೆದುಹೋಗಿತ್ತು. ಶವವನ್ನು ಕೊಯ್ಯಬಾರದೆಂದು ಕ್ರೋಬರ್ ದೂರದ ನ್ಯೂಯಾರ್ಕಿನಿಂದ ಬರೆದ ಕಾಗದವು ತಡವಾಗಿ ತಲಪಿತು. ಅಷ್ಟರಲ್ಲಿ ಮಿದುಳನ್ನು ತೆಗೆದಿರಿಸಿದ್ದರು. ಮರುವರ್ಷ ಅದನ್ನು ಪೂರ್ವತೀರದ ಒಂದು ಸಂಗ್ರಹಾಲಯಕ್ಕೆ ಕಳುಹಿಸಿದರು. ಅದು ಅವನ ನೆಲಕ್ಕೆ ಹಿಂದಿರುಗಿ, ಯಾನಾ ವಂಶದ ಬಂಧುಗಳ ಕೈಗೆ ಸೇರಿದುದು 2000ನೆಯ ವರ್ಷದಲ್ಲಿ.

ಏಕಲವ್ಯನ ಕಥೆಯಲ್ಲಿ ಗುರುವು ಶಿಷ್ಯನ ಬೆರಳನ್ನು ತೆಗೆದುಕೊಂಡನು. ಈ ಕಥೆಯಲ್ಲಿ ವಿದ್ಯೆಯನ್ನು ಪಡೆದವರೇ ಗುರುವಿನ ಶಿರಸ್ಸಿಗೆ ಕೈಹಾಕಿದರು. ಅದೂ ಅವನು ಕೊಡದೆ, ಅವನನ್ನು ಕೇಳದೆ. ದ್ರೋಣನು ಮತ್ಸರದಿಂದ ಮಾಡಲಿಲ್ಲ, ಅರ್ಜುನನಿಗೆ ಕೊಟ್ಟ ಮಾತಿಗಾಗಿ ಮಾಡಿದನು. ಇವರು ದ್ವೇಷದಿಂದ ಮಾಡಲಿಲ್ಲ, ಶಾಸ್ತ್ರಜ್ಞಾನಕ್ಕಾಗಿ ಮಾಡಿದರು. ಕ್ರೌರ್ಯಕ್ಕೆ ಸತ್ಕಾರಣಗಳು ಎಂದೂ ಕೊರತೆಯಾಗಿಲ್ಲ.

ವಿದ್ಯೆಯ ಗತಿಯೇನಾಯಿತು? ಪೋಪನು ಕೃತಘ್ನನಲ್ಲ. 1918ರಲ್ಲಿ ಯಾಹಿಗಳ ಬಿಲ್ವಿದ್ಯೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. 1923ರಲ್ಲಿ ಬಿಲ್ಲುಬಾಣದ ಬೇಟೆಯನ್ನು ಕುರಿತ ಪುಸ್ತಕದಲ್ಲಿ ಗುರುವಿನ ಕಥೆಯನ್ನು ಪ್ರೀತಿಯಿಂದ ಹೇಳಿದನು. ಅದನ್ನು ಓದಿ ಅಮೆರಿಕದಲ್ಲಿ ಬಿಲ್ಲು ಹಿಡಿದವರು ಬಹುಮಂದಿ. ಶಿಷ್ಯನು 1925ರಲ್ಲಿ ಆಫ್ರಿಕಾ ಖಂಡಕ್ಕೆ ಹೋಗಿ ಸಿಂಹಗಳ ಮೇಲೆಯೇ ಬಾಣವೆಸೆದನು. 1926ರಲ್ಲಿ ಅವನು ಮಡಿದ ಮೇಲೆ, 1961ರಲ್ಲಿ ಅವನ ಮತ್ತು ಅವನ ಸಂಗಡಿಗ ಯಂಗ್ ಎಂಬವನ ಹೆಸರಿನಲ್ಲಿ ಬೇಟೆಗಾರರ ಸಂಘವೂ ಏರ್ಪಟ್ಟಿತು. ಅಂತೂ ಹೊಟ್ಟೆಯ ವಿದ್ಯೆಯು ಪುನಃ ದುಷ್ಯಂತನ ಸೇನಾಪತಿಯ ಕೈಗೆ ಬಂದು ವಿನೋದವಾಯಿತು. ಹೆದೆಯೆಳೆಯುವ ಕೈ ಉಳಿಯಿತು. ಹೊಳೆಯಲ್ಲಿ ಮೀಯುವ ಬೆಳಗು, ಹೆದೆಯಿಳಿಸಿ ಬಿಲ್ಲನ್ನು ಮಲಗಿಸುವ ಕರುಣೆ, ಒಂದು ಮೊಲಕ್ಕಿಂತ ಹೆಚ್ಚನ್ನು ಬಯಸದ ಹಸಿವು, ಇವು ಪುಸ್ತಕದಲ್ಲಿ ಮಾತ್ರ ಉಳಿದವು. ಭಾರತದಲ್ಲಿ 1972ರ ವನ್ಯಜೀವಿ ಶಾಸನವು ಬೇಟೆಯನ್ನು ನಿಷೇಧಿಸಿರುವುದು ನ್ಯಾಯವೇ. ಕಾಡು ಕುಗ್ಗಿದ ಕಾಲದಲ್ಲಿ ಬಿಲ್ಲು ಕೆಳಗಿರುವುದು ಲೇಸು. ಆದರೆ ಆ ಬಿಲ್ಲಿನೊಡನೆ ಬೆಳೆದ ತಾಳ್ಮೆಯೂ ಮಿತವೂ ಕೆಳಗಿಡತಕ್ಕವುಗಳಲ್ಲ.

ವಿದ್ಯೆಯನ್ನು ಕೊಡುವವನು ಪಾತ್ರಾಪಾತ್ರಗಳನ್ನು ನೋಡಬೇಕೆಂದು ಹಿರಿಯರು ಹೇಳಿದರು. ಇಶಿಯು ನೋಡಲಿಲ್ಲ. ಕೊಡುವುದಕ್ಕೆ ಮಗನಿಲ್ಲದೆ, ಕೇಳುವುದಕ್ಕೆ ಕುಲವಿಲ್ಲದೆ, ಎದುರಿಗೆ ಕುಳಿತವನ ಕೈಯನ್ನು ಹಿಡಿದು ಹೆಬ್ಬೆರಳನ್ನು ಹೆದೆಯ ಮೇಲೆ ಮಡಿಸಿ ತೋರಿಸಿದನು. ಗುರುವೆನಿಸಿಕೊಳ್ಳಲು ಅವನಿಗೆ ಅದಕ್ಕಿಂತ ಬೇರೆ ಯೋಗ್ಯತೆ ಬೇಕಾಗಿರಲಿಲ್ಲ.