ಕುಂಬಾರಗಿತ್ತಿ ಅಜ್ಜಿ ಈವಾ ಝೈಸೆಲ್

ಅಮೆರಿಕದ ಊಟದ ಮೇಜುಗಳ ಮೇಲೆ ಹೆಸರಾದ ಒಂದು ಜೋಡಿ ಕುಡಿಕೆಗಳಿವೆ: ಉಪ್ಪಿಗೊಂದು, ಮೆಣಸಿನಪುಡಿಗೊಂದು. ದೊಡ್ಡದು ತುಸು ಬಾಗಿ ಚಿಕ್ಕದನ್ನು ಮಗ್ಗುಲಿಗೆ ಒತ್ತಿಕೊಂಡಿದೆ. ಕೈಕಾಲುಗಳಿಲ್ಲ, ಮುಖವಿಲ್ಲ, ಆದರೂ ತಾಯಿ ಮಗು ಎಂಬುದು ನೋಡಿದೊಡನೆ ಹೊಳೆಯುತ್ತದೆ. 1940ರ ದಶಕದಲ್ಲಿ ಇವನ್ನು ರೂಪಿಸಿದವರು ಈವಾ ಝೈಸೆಲ್. ನೂರೈದು ವರ್ಷ ಬಾಳಿದ ಈ ವಲಸಿಗ ಅಜ್ಜಿ ದೇಶಗಳನ್ನು ಒಂದೊಂದಾಗಿ ಕಳೆದುಕೊಂಡರು. ಕಸುಬನ್ನು ಮಾತ್ರ ಬಿಡಲಿಲ್ಲ.

ಅವರು ಹುಟ್ಟಿದ್ದು ಬುಡಾಪೆಸ್ಟ್ ನಗರದ ಯಹೂದಿ ಮನೆತನವೊಂದರಲ್ಲಿ, 1906ರ ನವೆಂಬರ್ 13ರಂದು. ಮನೆತುಂಬ ವಿದ್ವಾಂಸರೇ. ತಾಯಿ ಲಾರಾ ಪೊಲಾನ್ಯಿ ಇತಿಹಾಸಜ್ಞೆ. ಸೋದರಮಾವಂದಿರಾದ ಕಾರ್ಲ್ ಮತ್ತು ಮೈಕಲ್ ಪೊಲಾನ್ಯಿ ಜಗತ್ತೇ ಬಲ್ಲ ಚಿಂತಕರು. ಇಂಥ ಮನೆಯ ಹುಡುಗಿ ಚಿತ್ರಕಲೆ ಕಲಿಯಲು ಹೋಗಿ, ಹೊಟ್ಟೆಪಾಡಿಗೂ ಒಂದು ಕಸುಬಿರಲೆಂದು ಕುಂಬಾರನೊಬ್ಬನ ಬಳಿ ಶಿಷ್ಯವೃತ್ತಿಗೆ ಸೇರಿದಳು. ಆ ಗುರು ಯಾಕೊಬ್ ಕರಪಾಂಚಿಕ್ ಹಳೆಯ ಕಾಲದ ಶ್ರೇಣಿಪದ್ಧತಿಗೆ ಸೇರಿದವನು. ಹೊಗೆಗೂಡು ಗುಡಿಸುವವರು, ಒಲೆ ಕಟ್ಟುವವರು, ಹೆಂಚು ಹೊದಿಸುವವರು, ಬಾವಿ ತೋಡುವವರು, ಕುಂಬಾರರು, ಇವರೆಲ್ಲರಿಗೂ ಸೇರಿ ಅಲ್ಲಿ ಒಂದೇ ಶ್ರೇಣಿ. (ಮಡಕೆ ಮಾಡುವ ಕೈಯೇ ನಾಡಹೆಂಚನ್ನೂ ತಟ್ಟುತ್ತಿದ್ದುದನ್ನು ಬಲ್ಲ ನಮಗೆ ಇದು ವಿಚಿತ್ರವೆನಿಸದು.) ಆ ಶ್ರೇಣಿಯಲ್ಲಿ ತೇರ್ಗಡೆಯಾದ ಮೊದಲ ಹೆಣ್ಣು ಈಕೆ.

ಮುಂದೆ ಜರ್ಮನಿಯ ಶ್ರಾಮ್‌ಬರ್ಗ್, ಬರ್ಲಿನ್. 1932ರಲ್ಲಿ ಸೋವಿಯತ್ ರಷ್ಯಾ. ಲೆನಿನ್‌ಗ್ರಾಡಿನ ಲೊಮೊನೊಸೊವ್ ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಈವಾ, ಮೂವತ್ತು ತುಂಬುವ ಮೊದಲೇ ರಷ್ಯಾ ಗಣರಾಜ್ಯದ ಪಿಂಗಾಣಿ ಮತ್ತು ಗಾಜಿನ ಉದ್ಯಮಕ್ಕೆ ಕಲಾನಿರ್ದೇಶಕಿಯಾದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ಬಿದ್ದದ್ದು 1936ರ ಮೇ ತಿಂಗಳಲ್ಲಿ. ಸ್ಟಾಲಿನ್ನನ ಕೊಲೆಗೆ ಸಂಚು ಹೂಡಿದಳೆಂಬ ಸುಳ್ಳು ಆರೋಪ. ಸೆರೆಯಲ್ಲಿ ಕಳೆದದ್ದು ಹದಿನಾರು ತಿಂಗಳು. ಅದರಲ್ಲಿ ಹೆಚ್ಚಿನ ಕಾಲ ಏಕಾಂತವಾಸ. ಮಣ್ಣಿಲ್ಲ, ತಿಗರಿಯಿಲ್ಲ, ಮಾತಿಗೊಬ್ಬರಿಲ್ಲ. ಬುದ್ಧಿ ಕೆಡದಿರಲೆಂದು ಅವರು ಮನಸ್ಸಿನೊಳಗೇ ತಮ್ಮೊಡನೆ ತಾವೇ ಚದುರಂಗ ಆಡಿದರು; ಕಣ್ಣಮುಂದಿಲ್ಲದ ವಸ್ತುಗಳಿಗೆ ಮನಸ್ಸಿನಲ್ಲೇ ಆಕಾರ ಕೊಟ್ಟರು. 1937ರ ಸೆಪ್ಟೆಂಬರಿನಲ್ಲಿ ಒಂದು ದಿನ ಹೊರಗೆ ಕರೆದಾಗ, ಗುಂಡಿಕ್ಕಲೆಂದೇ ಒಯ್ಯುತ್ತಿದ್ದಾರೆಂದು ಭಾವಿಸಿದರಂತೆ. ಹತ್ತಿಸಿದ್ದು ಆಸ್ಟ್ರಿಯಾದ ಕಡೆಗೆ ಹೊರಟ ರೈಲನ್ನು. ಬಾಲ್ಯದ ಪರಿಚಿತ ಆರ್ಥರ್ ಕೋಸ್ಲರ್ 'ಡಾರ್ಕ್‌ನೆಸ್ ಅಟ್ ನೂನ್' ಕಾದಂಬರಿಯಲ್ಲಿ ಈ ಸೆರೆವಾಸದ ಅನುಭವಗಳನ್ನೂ ಬಳಸಿಕೊಂಡಿದ್ದಾನೆ. ಕಾದಂಬರಿಗೆ ದೊರೆತ ಖ್ಯಾತಿಯ ನೆರಳಲ್ಲಿ ಅದನ್ನು ಉಂಡವಳ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು.

ವಿಯೆನ್ನಾದಲ್ಲೂ ನೆಲೆ ನಿಲ್ಲಲಿಲ್ಲ. 1938ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಒಳನುಗ್ಗಿತು. ಇಂಗ್ಲೆಂಡಿಗೆ ಪಾರಾಗಿ, ಹಾನ್ಸ್ ಝೈಸೆಲ್ಲರ ಕೈಹಿಡಿದು, ಅದೇ ವರ್ಷ ನ್ಯೂಯಾರ್ಕಿನಲ್ಲಿ ಇಳಿದಾಗ ದಂಪತಿಗಳ ಬಳಿ ಇದ್ದದ್ದು 64 ಡಾಲರ್ ಎಂದು ಹೇಳುತ್ತಾರೆ.

ಹೊಸ ನೆಲದಲ್ಲಿ ಅವರು ಪ್ರಾಟ್ ಸಂಸ್ಥೆಯಲ್ಲಿ ಪಾಠ ಹೇಳಿದರು. ಎರಡು ಮಕ್ಕಳನ್ನು ಹೆತ್ತರು. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರೊಬ್ಬರದೇ ಪಾತ್ರೆಗಳ ಪ್ರದರ್ಶನ ನಡೆಸಿತು. ನೇರಗೆರೆ, ಚೌಕ, ಕಟ್ಟುನಿಟ್ಟು ಇವೇ ಆಧುನಿಕತೆ ಎಂದು ಪಂಡಿತರು ಸಾರುತ್ತಿದ್ದ ಕಾಲವದು. ಈವಾ ಅದನ್ನು ಒಪ್ಪಲಿಲ್ಲ. ಅವರ ಹೂಜಿಗೆ ನಡುವಿದೆ, ಬಟ್ಟಲಿಗೆ ಒಡಲಿದೆ; ಒಂದರ ಪಕ್ಕ ಒಂದನ್ನಿಟ್ಟರೆ ನೆಂಟರಂತೆ ಕೂರುತ್ತವೆ. ಇದನ್ನು ಬರಿಯ ಅಲಂಕಾರವೆಂದು ತಳ್ಳಿದವರೂ ಇದ್ದರು. ಆದರೆ ಒಂಟಿ ಕೋಣೆಯಲ್ಲಿ ತಿಂಗಳುಗಟ್ಟಲೆ ಕುಳಿತವಳು ಒಂಟಿಯಾಗಿ ನಿಲ್ಲುವ ಪಾತ್ರೆಗಳನ್ನಲ್ಲ, ಒಂದಕ್ಕೊಂದು ಒರಗುವ ಪಾತ್ರೆಗಳನ್ನು ಮಾಡಿದಳು ಎಂಬುದನ್ನು ಆ ವಿಮರ್ಶಕರು ಗಮನಿಸಿದಂತಿಲ್ಲ.

ಇಳಿವಯಸ್ಸಿನಲ್ಲಿ ಕಣ್ಣು ಮಂಜಾಯಿತು. ಆಗ ಸಹಾಯಕರು ಸಿದ್ಧಪಡಿಸಿದ ಮಾದರಿಗಳನ್ನು ಬೆರಳುಗಳಿಂದಲೇ ತಡವಿ, ಇಲ್ಲಿ ತುಸು ಉಬ್ಬಲಿ, ಅಲ್ಲಿ ತುಸು ತಗ್ಗಲಿ ಎಂದು ತಿದ್ದಿಸುತ್ತಿದ್ದರು. ನೂರು ದಾಟಿದ ಮೇಲೂ ಕೆಲಸ ನಿಲ್ಲಲಿಲ್ಲ. 2011ರ ಡಿಸೆಂಬರ್ 30ರಂದು ಅವರು ತೀರಿಕೊಂಡ ಬಳಿಕ, ಸೆರೆಮನೆಯ ನೆನಪುಗಳನ್ನು ಮಗಳು ಪ್ರಕಟಣೆಗೆ ಸಿದ್ಧಗೊಳಿಸಿದರು.

ಸಾಯುವ ಮುನ್ನ ಇನ್ನೊಂದು ಕೆಲಸವೂ ಆಗಿತ್ತು. 2000ದಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಈವಾ ಅದೇ ಲೊಮೊನೊಸೊವ್ ಕಾರ್ಖಾನೆಗೆ ಮರಳಿ ಹೋದರು. ತಮ್ಮನ್ನು ಸೆರೆಗೆ ತಳ್ಳಿದ್ದ ಆ ನಾಡಿನ ಮಣ್ಣಿಗಾಗಿ ಒಂದು ಚಹಾ ಪಾತ್ರೆಗಳ ಜೋಡಣೆಯನ್ನು ರೂಪಿಸಿಕೊಟ್ಟು ಬಂದರು.