ಕಣದಲ್ಲಿ ಹರವಿದ ಜೋಳ, ತೆರೆದಿಟ್ಟ ಫೈಲ್

ಪರದೆ ಮೇಲೆ ಅಕ್ಷರ ಕಂಡಿತು ಅಂದಮಾತ್ರಕ್ಕೆ ಅದು ಕಂಪ್ಯೂಟರಿನಲ್ಲಿ ಉಳಿಯಿತು ಅಂತ ಅರ್ಥವಲ್ಲ. ಕೀಬೋರ್ಡ್ ಕುಟ್ಟಿ ಹೊಟ್ಟೆ ಹೊರೆಯುವ ನಮ್ಮಂಥವರಿಗೂ, ನಮ್ಮ ಬೆನ್ನ ಹಿಂದೆ ಸ್ಟೂಲ್ ಮೇಲೆ ಕೂತು ಕಾಯುವ ನಿಮಗೂ ಈ ಒಂದು ಮಾತು ನೆನಪಿದ್ದರೆ ಎಷ್ಟೋ ದಿನದ ಕೂಲಿ ಉಳಿಯುತ್ತದೆ.

ಉಡುತಡಿಯವರಿಗೆ ಟೈಪಿಂಗ್, ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂದರೆ ಹತ್ತಿರದ ಶಿರಾಳಕೊಪ್ಪ. ಊರೂರು ತಿರುಗಿ ಸುದ್ದಿ ಕಳಿಸುವ ನಮ್ಮಂಥ ಸ್ಟ್ರಿಂಗರ್‌ಗಳಿಗೂ ಅಂಥ ಅಂಗಡಿಗಳೇ ಆಫೀಸು. ಮಳೆಗಾಲದಲ್ಲಿ ಗಾಳಿ ಜೋರಾದರೆ ಸಾಕು, ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತದೆ ಅಂತ ಹೇಳಲಾಗದು. ಹೋದ ಕೂಡಲೇ ಅಂಗಡಿ ಒಳಗಿಂದ ಒಂದು ಕೂಗು ಕೇಳುತ್ತದೆ: "ಅಯ್ಯೋ, ಹೋತು!" ಕರೆಂಟ್ ಒಂದು ಗಂಟೆಗೋ ಎರಡು ಗಂಟೆಗೋ ವಾಪಸ್ ಬರುತ್ತದೆ. ಸೇವ್ ಮಾಡದೆ ತೆರೆದಿಟ್ಟಿದ್ದ ಫೈಲ್ ಬರುವುದಿಲ್ಲ.

ಹೋದ ಮಳೆಗಾಲದಲ್ಲಿ ನಾವೇ ಕಂಡದ್ದು. ಸ್ತ್ರೀಶಕ್ತಿ ಸಂಘದ ಇಬ್ಬರು ಹೆಂಗಸರು ಬೆಳಗ್ಗೆ ಹತ್ತಕ್ಕೇ ಬಂದು ಕೂತಿದ್ದರು. ಯಾರು ಎಷ್ಟು ಸಾಲ ತಗೊಂಡರು, ಎಷ್ಟು ಕಟ್ಟಿದರು ಅನ್ನುವ ಪೂರ್ತಿ ಲೆಕ್ಕ ಟೈಪ್ ಆಗಬೇಕಿತ್ತು, ಮಾರನೇ ದಿನ ಬ್ಯಾಂಕಿಗೆ ಕೊಡಬೇಕಿತ್ತು. ಒಬ್ಬರು ಪುಸ್ತಕ ನೋಡಿ ಓದುವುದು, ಹುಡುಗ ಟೈಪ್ ಮಾಡುವುದು. ಒಂದು ಗಂಟೆ ಹೊತ್ತಿಗೆ ಮುಗಿಯುವ ಹಂತಕ್ಕೆ ಬಂದಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿತ್ತಂತೆ. ಕರೆಂಟ್ ಬಂದ ಮೇಲೆ ನೋಡಿದರೆ ಫೈಲಿಗೆ ಹೆಸರೇ ಕೊಟ್ಟಿರಲಿಲ್ಲ. ಆ ಹುಡುಗ ದುಡ್ಡು ಬೇಡ ಅಂದ, ಮತ್ತೆ ಟೈಪ್ ಮಾಡಿಕೊಟ್ಟ. ಆದರೆ ಆ ಇಬ್ಬರ ಅರ್ಧ ದಿನ ಹೋಯಿತು, ಕೊನೆಯ ಬಸ್ಸೂ ಹೋಯಿತು. ಶುಂಠಿ ಕಳೆ ತೆಗೆಯುವ ಕೂಲಿ ಬಿಟ್ಟು ಬಂದವರು ಅವರು.

ಇದು ಯಾಕೆ ಹೀಗಾಗುತ್ತದೆ? ನಮ್ಮ ಕಡೆಯ ಮೆಕ್ಕೆಜೋಳದ ಕಣ ನೆನೆಸಿಕೊಳ್ಳಿ. ಕಂಪ್ಯೂಟರಿಗೂ ಫೋನಿಗೂ ಎರಡು ಜಾಗ ಇವೆ. ಒಂದು ರ್‍ಯಾಮ್, ಅದು ಕಣ ಇದ್ದ ಹಾಗೆ. ಕೆಲಸ ನಡೆಯುವಾಗ ಎಲ್ಲ ಅಲ್ಲಿ ಹರವಿಕೊಂಡಿರುತ್ತದೆ, ಕೈಗೆ ಬೇಗ ಸಿಗುತ್ತದೆ. ಇನ್ನೊಂದು ಡಿಸ್ಕ್, ಅದು ಮನೆ ಒಳಗಿನ ಚೀಲ. ಟೈಪ್ ಮಾಡಿದ್ದು ಮೊದಲು ಕಣಕ್ಕೆ ಬೀಳುತ್ತದೆ. ಸೇವ್ ಒತ್ತಿದಾಗ ಮಾತ್ರ ಚೀಲಕ್ಕೆ ತುಂಬುತ್ತದೆ. ಕರೆಂಟ್ ಹೋದರೆ ಕಣ ಪೂರ್ತಿ ಖಾಲಿ. ಮೋಡ ಕಂಡಾಗ ಜೋಳ ಬಾಚುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕರೆಂಟಿಗೆ ಮಾತ್ರ ಮೋಡ ಕಾಣುವುದಿಲ್ಲ. ಹಾಗಾಗಿ ಬಿಸಿಲಿದ್ದಾಗಲೇ ಬಾಚುತ್ತಿರಬೇಕು.

ಮೊದಲನೇ ಅಭ್ಯಾಸ: ಖಾಲಿ ಫೈಲ್ ತೆರೆದ ಕೂಡಲೇ, ಒಂದಕ್ಷರ ಟೈಪ್ ಮಾಡುವ ಮೊದಲೇ ಹೆಸರು ಕೊಟ್ಟು ಸೇವ್ ಮಾಡುವುದು. ಹೆಸರಿಟ್ಟ ಮೇಲೆ ಕಂಟ್ರೋಲ್ ಒತ್ತಿ ಎಸ್ ಒತ್ತಿದರೆ ಆಯಿತು. ಒಂದು ಪ್ಯಾರಾ ಮುಗಿದರೆ ಒಂದು ಸಲ, ಫೋನ್ ರಿಂಗಾದರೆ ಒಂದು ಸಲ, ಚಾ ಬಂದರೆ ಒಂದು ಸಲ. ಡಿಪ್ಲೊಮಾ ಓದುವಾಗ ನಾವು ಶೀರ್ಷಿಕೆ ಬರೆಯುವುದು ಕಲಿತೆವು, ಮುನ್ನುಡಿ ಪ್ಯಾರಾ ಕಲಿತೆವು. ಇದನ್ನು ಕಲಿತದ್ದು ಅಂಗಡಿಗಳಲ್ಲಿ, ಹಳೇ ಡಿಟಿಪಿ ಕೈಗಳನ್ನು ನೋಡಿ. ಅವರ ಎಡಗೈ ಕಿರುಬೆರಳು ಕಂಟ್ರೋಲ್ ಮೇಲಿಂದ ಏಳುವುದೇ ಇಲ್ಲ.

"ವರ್ಡ್ ತಾನೇ ಸೇವ್ ಮಾಡಿಕೊಳ್ಳುತ್ತದಲ್ಲ" ಅನ್ನುವವರು ಬಹಳ ಮಂದಿ. ಅದರಲ್ಲಿ ಅರ್ಧ ಮಾತ್ರ ನಿಜ. ಎಂಎಸ್ ವರ್ಡ್‌ನಲ್ಲಿ ಆಟೋರಿಕವರ್ ಅಂತ ಒಂದಿದೆ. ನಾವು ಬದಲಿಸದಿದ್ದರೆ ಅದು 10 ನಿಮಿಷಕ್ಕೊಮ್ಮೆ ಒಂದು ತಾತ್ಕಾಲಿಕ ಪ್ರತಿ ತೆಗೆದಿಡುತ್ತದೆ. ಒಂಬತ್ತನೇ ನಿಮಿಷದಲ್ಲಿ ಕರೆಂಟ್ ಹೋದರೆ ಆ ಒಂಬತ್ತು ನಿಮಿಷ ಹೋಯಿತು. ಫೈಲ್, ಆಪ್ಷನ್ಸ್, ಸೇವ್ ಅಂತ ಹೋಗಿ ಆ 10 ಇರುವ ಜಾಗದಲ್ಲಿ 1 ಅಥವಾ 2 ಹಾಕಿ. ಬಿಟ್ಟಿ ಸಿಗುವ ಲಿಬ್ರೆ ಆಫೀಸ್‌ನಲ್ಲೂ ಇಂಥದ್ದೇ ವ್ಯವಸ್ಥೆ ಇದೆ. ಅದರಲ್ಲಿ ಹಿಂದಿನ ಪ್ರತಿಯನ್ನು ಬ್ಯಾಕಪ್ ಆಗಿ ಇಡುವ ಒಂದು ಟಿಕ್ ಗುರುತೂ ಇದೆ, ಹಾಕಿಕೊಳ್ಳಿ. ಮದುವೆ ಕಾರ್ಡ್ ಮಾಡುವ ಅಂಗಡಿಗಳಲ್ಲಿ ಇನ್ನೂ ಕಾಣುವ ಪೇಜ್‌ಮೇಕರ್‌ನಲ್ಲಿ ಪುಟ ಬದಲಿಸಿದಾಗ ಒಳಗೊಳಗೇ ಒಂದು ಸಣ್ಣ ಸೇವ್ ಆಗುತ್ತದೆ. ಒಂದೇ ಪುಟದ ಕಾರ್ಡಿನಲ್ಲಿ ಪುಟ ಬದಲಿಸುವ ಪ್ರಸಂಗವೇ ಬರುವುದಿಲ್ಲವಲ್ಲ!

ಇನ್ನೊಂದು ಅಪಾಯ ಕರೆಂಟಿಗೆ ಸಂಬಂಧಿಸಿದ್ದಲ್ಲ. ಫೈಲ್ ಮುಚ್ಚುವಾಗ "ಸೇವ್ ಮಾಡಬೇಕಾ, ಬೇಡವಾ" ಅಂತ ಒಂದು ಚೌಕ ಬರುತ್ತದೆ. ಅವಸರದಲ್ಲಿ "ಬೇಡ" ಒತ್ತಿದರೆ, ಬೇಕಂತಲೇ ಬಿಟ್ಟರು ಅಂತ ಕಂಪ್ಯೂಟರ್ ತಿಳಿಯುತ್ತದೆ. ಕೆಲವು ಸಲ ಫೈಲ್, ಇನ್ಫೋ ಅನ್ನುವ ಕಡೆ ಸೇವ್ ಆಗದ ಫೈಲುಗಳನ್ನು ಹುಡುಕುವ ದಾರಿ ಇದೆ. ಸಿಕ್ಕರೆ ಅದೃಷ್ಟ, ಅದನ್ನೇ ನಂಬಿ ಕೂರುವ ಹಾಗಿಲ್ಲ.

ಕೆಲಸ ಅರ್ಧಕ್ಕೆ ನಿಲ್ಲಿಸಿ ಫೈಲ್ ತೆರೆದಿಟ್ಟೇ ಮನೆಗೆ ಹೋಗುವ ಅಭ್ಯಾಸ ಬಹಳ ಕಡೆ ಇದೆ. ಬೆಳಗ್ಗೆ ಬಂದು ಅಲ್ಲಿಂದಲೇ ಮುಂದುವರಿಸೋಣ ಅನ್ನುವ ಲೆಕ್ಕ. ರಾತ್ರಿ ವಿಂಡೋಸ್ ಅಪ್‌ಡೇಟ್ ಬಂದರೆ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಬಹುದು. ಸ್ಲೀಪ್‌ಗೆ ಹಾಕಿ ಹೋದರೂ ಧೈರ್ಯ ಸಾಲದು. ಸ್ಲೀಪ್ ಅಂದರೆ ಜೋಳ ಕಣದಲ್ಲೇ ಇದೆ, ಮೇಲೆ ಟಾರ್ಪಾಲ್ ಹೊದಿಸಿದ ಹಾಗೆ. ಅದಕ್ಕೆ ರಾತ್ರಿಯಿಡೀ ಸ್ವಲ್ಪ ಕರೆಂಟ್ ಬೇಕೇ ಬೇಕು. ಹೈಬರ್ನೇಟ್ ಅನ್ನುವುದು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಅದು ವಾಸಿ. ಎಲ್ಲಕ್ಕಿಂತ ವಾಸಿ ಸೇವ್ ಮಾಡಿ, ಮುಚ್ಚಿ, ಆಫ್ ಮಾಡಿ ಹೋಗುವುದು.

ಫೈಲ್ ಎಲ್ಲಿಂದ ತೆರೆದಿರಿ ಅನ್ನುವುದೂ ಮುಖ್ಯ. ಮೇಲ್‌ನಿಂದಲೋ ಜಿಪ್ ಫೈಲಿನ ಒಳಗಿನಿಂದಲೋ ನೇರ ತೆರೆದರೆ ಅದು ಯಾವುದೋ ತಾತ್ಕಾಲಿಕ ಫೋಲ್ಡರಿನಲ್ಲಿ ಕೂತಿರುತ್ತದೆ. ಸೇವ್ ಒತ್ತಿದರೂ ಆಮೇಲೆ ಎಲ್ಲಿದೆ ಅಂತ ಸಿಗುವುದಿಲ್ಲ. ಮೊದಲು ಡೆಸ್ಕ್‌ಟಾಪಿಗೆ ಇಳಿಸಿಕೊಂಡು ಆಮೇಲೆ ತೆರೆಯಬೇಕು. ಪೆನ್‌ಡ್ರೈವ್ ಕಥೆಯೂ ಅಷ್ಟೇ. ಪೆನ್‌ಡ್ರೈವ್ ಒಳಗಿನ ಫೈಲ್ ತೆರೆದಿರುವಾಗ ಅದನ್ನು ಕಿತ್ತರೆ, ಮಾಡಿದ ತಿದ್ದುಪಡಿಗೆ ಹೋಗಿ ಕೂರಲು ಜಾಗವಿಲ್ಲ.

ಯುಪಿಎಸ್ ಬಗ್ಗೆ ಒಂದು ಮಾತು. ಚಿಕ್ಕ ಯುಪಿಎಸ್ ಕೊಡುವುದು ಕೆಲವೇ ನಿಮಿಷ. ಆ ಹೊತ್ತು ಸೇವ್ ಮಾಡಿ ಮುಚ್ಚಲು, ಇನ್ನೊಂದು ಪ್ಯಾರಾ ಟೈಪ್ ಮಾಡಲು ಅಲ್ಲ. ಮನೆಯ ಇನ್ವರ್ಟರಿಗೆ ಕಂಪ್ಯೂಟರ್ ಜೋಡಿಸಿದವರು ಅದರ ಹಿಂಭಾಗ ನೋಡಿ. ಬಹಳಷ್ಟರಲ್ಲಿ ಯುಪಿಎಸ್ ಅಂತ ಬರೆದ ಸ್ವಿಚ್ ಇರುತ್ತದೆ. ಅದನ್ನು ಆ ಕಡೆ ಹಾಕದಿದ್ದರೆ ಕರೆಂಟ್ ಬದಲಾಗುವ ಸಣ್ಣ ಅಂತರದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಈಗ ಫೋನಿಗೆ ಬರೋಣ, ಇದನ್ನು ಓದುತ್ತಿರುವುದೂ ಅದರಲ್ಲೇ ತಾನೆ. ಫೋನಿನಲ್ಲಿ ಬ್ಯಾಟರಿ ಇದೆ, ಕರೆಂಟಿನ ಭಯವಿಲ್ಲ. ಆದರೆ ಜಾಗ ಕಡಿಮೆ. ಒಂದು ಆ್ಯಪ್‌ನಲ್ಲಿ ಬರೆಯುತ್ತಾ ಕರೆ ಬಂತು, ಕ್ಯಾಮೆರಾ ತೆರೆದಿರಿ, ವಾಪಸ್ ಬಂದರೆ ಆ್ಯಪ್ ಮೊದಲಿನಿಂದ ಶುರುವಾಗಿರುತ್ತದೆ. ಮೆಮೊರಿ ಸಾಲದೆ ಫೋನೇ ಅದನ್ನು ಮುಚ್ಚಿಬಿಟ್ಟಿರುತ್ತದೆ. ಸರ್ಕಾರಿ ವೆಬ್‌ಸೈಟಿನಲ್ಲಿ ಉದ್ದದ ಅರ್ಜಿ ತುಂಬುವಾಗ ಇದು ಹೆಚ್ಚು. ಉದ್ದದ ವಿವರ ಇದ್ದರೆ ಮೊದಲು ನೋಟ್ಸ್ ಆ್ಯಪ್‌ನಲ್ಲೋ ನಿಮ್ಮದೇ ವಾಟ್ಸ್ಆ್ಯಪ್ ನಂಬರಿಗೋ ಬರೆದಿಟ್ಟು, ಅಲ್ಲಿಂದ ಕಾಪಿ ಮಾಡಿ ಹಾಕಿ. ಗೂಗಲ್ ಡಾಕ್ಸ್ ಬಳಸುವವರಿಗೆ ಅದು ತಾನೇ ಸೇವ್ ಮಾಡುತ್ತಾ ಹೋಗುತ್ತದೆ, ಹಳೇ ಪ್ರತಿಗಳೂ ಸಿಗುತ್ತವೆ. ನೆಟ್‌ವರ್ಕ್ ಇಲ್ಲದ ಹಳ್ಳಿಗೆ ಹೋಗುವ ಮುಂಚೆ ಆ ಫೈಲನ್ನು ಆಫ್‌ಲೈನ್ ಮಾಡಿಕೊಂಡಿರಬೇಕು ಅಷ್ಟೇ.

ವಿಡಿಯೋ ಮತ್ತು ಆಡಿಯೋ ವಿಷಯದಲ್ಲಿ ಹೋದದ್ದು ಮತ್ತೆ ಬರುವುದಿಲ್ಲ. ವರದಿಯನ್ನು ಮತ್ತೊಮ್ಮೆ ಬರೆಯಬಹುದು, ಲೆಕ್ಕವನ್ನು ಮತ್ತೊಮ್ಮೆ ಟೈಪ್ ಮಾಡಬಹುದು. ನಮ್ಮ ಕಡೆಯ ಒಬ್ಬ ಕಾಲೇಜು ಹುಡುಗಿ ತನ್ನ ಅಜ್ಜಿ ಹಾಡುವ ಸೋಬಾನೆ ಪದಗಳನ್ನು ಫೋನಿನಲ್ಲಿ ತುಂಬಿಕೊಂಡಿದ್ದಳು. ವಿಡಿಯೋ ಎಡಿಟ್ ಮಾಡುವ ಆ್ಯಪ್‌ನಲ್ಲಿ ಎಲ್ಲ ಜೋಡಿಸಿ ಪ್ರಾಜೆಕ್ಟ್ ತೆರೆದಿಟ್ಟಿದ್ದಳು. ಫೋನ್ ಫುಲ್ ಆಯಿತು ಅಂತ ಮನೆಯವರು ಗ್ಯಾಲರಿ ಖಾಲಿ ಮಾಡಿದರು. ಪ್ರಾಜೆಕ್ಟ್ ಹಾಗೇ ಇತ್ತು, ಒಳಗೆ ವಿಡಿಯೋ ಇರಲಿಲ್ಲ. ಅಂಥ ಆ್ಯಪ್‌ಗಳ ಪ್ರಾಜೆಕ್ಟ್‌ನಲ್ಲಿ ಸಾಮಾನ್ಯವಾಗಿ ವಿಡಿಯೋ ಇರುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಮನೆ ಕೆಡವಿದ ಮೇಲೆ ವಿಳಾಸ ಹಿಡಿದು ಏನು ಮಾಡುವುದು? ಗ್ಯಾಲರಿಯ ಕಸದಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ, ಅದನ್ನೂ ಖಾಲಿ ಮಾಡಿದ್ದರು. ಅಜ್ಜಿ ಮತ್ತೆ ಹಾಡಿದರು. ಆದರೆ ಒಂದು ಪದದ ನಡುವಿನ ಎರಡು ನುಡಿ ಅವರಿಗೆ ನೆನಪಾಗಲಿಲ್ಲ. "ಅವತ್ತು ಬಂದಿತ್ತು ಕಣೇ, ಈಗ ಬರವಲ್ದು" ಅಂದರಂತೆ.

ಆ ಮೇಲಿಂದ ನಾವು ರೆಕಾರ್ಡ್ ಮಾಡಲು ಹೋದರೆ ಒಂದೇ ಉದ್ದದ ಫೈಲ್ ಮಾಡುವುದಿಲ್ಲ. 10 ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡುತ್ತೇವೆ. ಎಂಪಿ4 ವಿಡಿಯೋದ ಪರಿವಿಡಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಫೋನ್ ಆಫ್ ಆದರೆ ಅಷ್ಟೂ ಹೊತ್ತಿನ ವಿಡಿಯೋ ತೆರೆಯದೇ ಹೋಗಬಹುದು. ಹತ್ತತ್ತು ನಿಮಿಷದ ತುಂಡಾದರೆ ಹೋಗುವುದು ಕೊನೆಯ ತುಂಡು ಮಾತ್ರ. ಹಾಡಿದವರ ಮನೆ ಬಿಡುವ ಮುಂಚೆ ಒಂದು ಪ್ರತಿಯನ್ನು ಆ ಮನೆಯವರ ಫೋನಿಗೇ ಕಳಿಸುತ್ತೇವೆ. ಅವರಿಗೂ ಖುಷಿ, ನಮಗೂ ಧೈರ್ಯ.

ಪ್ರತಿ ಮಾಡಿ ಹಂಚುವುದು ನಮ್ಮ ಊರಿಗೆ ಹೊಸದೇನಲ್ಲ. ಉಡುತಡಿ ಅಕ್ಕಮಹಾದೇವಿಯ ಊರು. ಹನ್ನೆರಡನೇ ಶತಮಾನದ ಅಕ್ಕನ ನಾನೂರಕ್ಕೂ ಹೆಚ್ಚು ವಚನಗಳು ಇವತ್ತು ನಮ್ಮ ಕೈಗೆ ಸಿಕ್ಕಿವೆ. ಓಲೆಗರಿಯ ಆಯಸ್ಸು ಮುಗಿಯುವ ಮೊದಲೇ ಯಾರೋ ಕೂತು ಇನ್ನೊಂದು ಓಲೆಗರಿಗೆ ಇಳಿಸಿದ್ದರು, ಅದಕ್ಕೇ. ಅವರ ಹೆಸರು ಬಹುಪಾಲು ಯಾರಿಗೂ ಗೊತ್ತಿಲ್ಲ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಆ ಕಟ್ಟುಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರ ಸಾರ' ಅಚ್ಚು ಹಾಕಿಸಿದರು. ಒಂದೇ ಮನೆಯಲ್ಲಿ ಒಂದೇ ಕಟ್ಟು ಇದ್ದಿದ್ದರೆ ಒಂದು ಮಳೆಗಾಲದ ಸೋರಿಕೆಗೆ, ಒಂದು ಗೆದ್ದಲಿಗೆ ಎಲ್ಲ ಮುಗಿದಿರುತ್ತಿತ್ತು. ಬೇರೆ ಬೇರೆ ಮನೆಗಳಲ್ಲಿ ಇದ್ದದ್ದರಿಂದ ಉಳಿಯಿತು. ಬ್ಯಾಕಪ್ ಅನ್ನುವ ಪದ ಹೊಸದು, ಕೆಲಸ ಹಳೆಯದು.

ಹಾಗಾದರೆ ಅಂಗಡಿಗೆ ಹೋದ ನೀವು ಏನು ಮಾಡಬೇಕು? ಕೂತ ಕೂಡಲೇ ಕೇಳಿ: "ತಮ್ಮಾ, ಹೆಸರು ಹಾಕಿ ಸೇವ್ ಮಾಡಿದ್ಯಾ?" ನಡುವೆ ಇನ್ನೊಂದು ಸಲ ಕೇಳಿ. ಹುಡುಗ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಕೆಲಸ ಮುಗಿದ ಮೇಲೆ ಪ್ರಿಂಟ್ ಮಾತ್ರ ತಗೊಂಡು ಬರಬೇಡಿ, ಆ ಫೈಲನ್ನೂ ನಿಮ್ಮ ವಾಟ್ಸ್ಆ್ಯಪ್‌ಗೆ ಹಾಕಿಸಿಕೊಳ್ಳಿ. ದುಡ್ಡು ಕೊಟ್ಟು ಮಾಡಿಸಿದ್ದು, ಅದು ನಿಮ್ಮದು. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಅಕ್ಷರ ಕಾಪಿ ಮಾಡಿ ಕಳಿಸಿದರೆ ಫೋನಿನಲ್ಲಿ ಅರ್ಥವಾಗದ ಗುರುತುಗಳು ಬರುತ್ತವೆ. ಫೈಲನ್ನೇ ಕಳಿಸಲು ಹೇಳಿ, ಜೊತೆಗೆ ಓದಲು ಒಂದು ಪಿಡಿಎಫ್ ಮಾಡಿಸಿಕೊಳ್ಳಿ. ಮುಂದಿನ ವರ್ಷ ಸಂಘದ ಲೆಕ್ಕ ಮಾಡುವಾಗ ಹೊಸದಾಗಿ ಟೈಪ್ ಮಾಡಿಸುವ ಖರ್ಚೂ ಉಳಿಯುತ್ತದೆ.

ಅಂಗಡಿಯವರಿಗೆ ನಮ್ಮದೊಂದು ವಿನಂತಿ. ಮೂರು ಗಂಟೆ ಕೂತವರ ಎದುರು "ಹೋತು" ಅನ್ನುವುದು ಬಹಳ ಕಷ್ಟ, ಅದು ನಿಮಗೂ ಗೊತ್ತು. ಯುಪಿಎಸ್ ಬ್ಯಾಟರಿ ಈ ಮಳೆ ಹಿಡಿಯುವ ಮೊದಲೇ ಬದಲಿಸಿ. ಆಟೋರಿಕವರ್‌ನ 10 ಅನ್ನು 1 ಮಾಡಲು ಒಂದು ನಿಮಿಷ ಸಾಕು. ಊಟಕ್ಕೆ ಏಳುವ ಮುಂಚೆ ತೆರೆದಿಟ್ಟ ಫೈಲುಗಳನ್ನೊಮ್ಮೆ ನೋಡಿ. ಅದರಲ್ಲಿ ಯಾರದೋ ಒಂದು ದಿನದ ಕೂಲಿ ಇರುತ್ತದೆ.